ಮಕ್ಕಳನ್ನ ಕಳಿಸಿಕೊಡ್ಲೇನ್ರಿ ಅಕ್ಕಾ?

ಪ್ರಶ್ನೆ: ಅಕ್ಕಾರ, ನಾ ನಿಪ್ಪಾಣಿಯಾಕಿ, ಬೀಡಿ ಕಟ್ಟತೇನಿ. ಮನಿಯವ್ರು ತೀರಿಕೊಂಡು ಎರಡ ವರ್ಷ ಆತು. ಮಗಳು ಒಂಬತ್ತನೇತ್ತೆ, ಮಗ ನಾಕನೇತ್ತೆ. ಹೋದ ವಾರ ಒಂದು ಸಂಸ್ಥೆಯವ್ರು ಗಾಡಿ ತಗೊಂಡ ಬಂದಿದ್ರು. ಇಬ್ಬರನ್ನೂ ಪುಣೆಕ್ಕ ಕರಕೊಂಡ ಹೋಗಿ ಪುಕ್ಕಟೆ ಓದಸ್ತೇವಿ, ಊಟ ಅರಿವಿ ಎಲ್ಲಾ ನಮ್ದ, ವರ್ಷಕ್ಕ ಒಮ್ಮೆ ಮನಿಗೆ ಬಿಡ್ತೇವಿ ಅಂದ್ರು. ಇಂಗ್ಲಿಷಿನ್ಯಾಗ ಬರದ ಕಾಗದಕ್ಕ ಸಹಿ ಕೇಳ್ಯಾರ. ಅತ್ತಿ, ‘ಪುಣ್ಯಾತ್ಮರು ಬಂದಾರ, ಕಳಸು’ ಅಂತಾಳ. ಮಗಳು, ‘ನಾ ಹೋದ್ರ ನಿನಗ ಭಾರ ಕಡಿಮಿ ಆಕ್ಕೇತಿ’ ಅಂತಾಳ. ರಾತ್ರಿ ನಿದ್ದಿ ಇಲ್ರಿ. ಏನ ಮಾಡ್ಲಿ?
– ಹೆಸರು ಬೇಡ

ಉತ್ತರ: ತಾಯಿ, ಸದ್ಯಕ್ಕೆ ಸಹಿ ಮಾಡಬೇಡಿ. ಬಂದವರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಮನೆಯಲ್ಲಿ ಕಮ್ಮಿಯಾಗಿರುವುದು ತಿಂಗಳಿಗೆ ನಾಲ್ಕೈದು ಸಾವಿರ ರೂಪಾಯಿ. ಅಷ್ಟಕ್ಕೆ ಎರಡು ಮಕ್ಕಳನ್ನೇ ಕೊಡಬೇಕೇ? ನಮ್ಮ ಬಾಲ ನ್ಯಾಯ ಕಾಯ್ದೆಯೂ (2015) ಮಗುವನ್ನು ಸಂಸ್ಥೆಯಲ್ಲಿಡುವುದು ಬೇರೆ ದಾರಿಯೇ ಇಲ್ಲದಾಗಿನ ಕಟ್ಟಕಡೆಯ ಮಾತು ಎನ್ನುತ್ತದೆ.

ನಿಮಗೆ ಇನ್ನೂ ದಾರಿ ಇದೆ. ಕೇಂದ್ರದ ‘ಮಿಷನ್ ವಾತ್ಸಲ್ಯ’ದಲ್ಲಿ ಪ್ರಾಯೋಜಕತ್ವ ಎಂಬ ಯೋಜನೆ ಉಂಟು. ಗಂಡನನ್ನು ಕಳೆದುಕೊಂಡ ತಾಯಿಯ ಮಗುವಿಗೆ, ಅದು ಮನೆಯಲ್ಲೇ ಇದ್ದು ಓದಲೆಂದು, ತಿಂಗಳಿಗೆ 4,000 ರೂಪಾಯಿ. ಪಟ್ಟಣದಲ್ಲಿದ್ದರೆ ಮನೆಯ ವರ್ಷದ ಆದಾಯ 96,000 ದಾಟಿರಬಾರದು. ಹಳ್ಳಿಯಾದರೆ ಮಿತಿ 72,000. ನಿಮ್ಮ ಓಣಿಯ ಅಂಗನವಾಡಿ ಟೀಚರನ್ನೇ ಮೊದಲು ಹಿಡಿಯಿರಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯ ದಾರಿ ಅವರಿಗೆ ಗೊತ್ತು. ಗಂಡನ ಮರಣ ಪತ್ರ, ಆದಾಯ ಪತ್ರ, ಶಾಲೆಯ ಪತ್ರ ಇಟ್ಟುಕೊಳ್ಳಿ. ಅರ್ಜಿ ಹಾಕಿದ ಮರುದಿನ ದುಡ್ಡು ಬೀಳುವುದಿಲ್ಲ, ಬೆಳಗಾವಿಯ ಜಿಲ್ಲಾ ಸಮಿತಿ ಒಪ್ಪಬೇಕು. ನಾಲ್ಕು ಸಲ ಅಲೆದಾಡಿಸುತ್ತಾರೆ ಎಂದೇ ತಿಳಿದು ಹೊರಡಿ.

ನಿಮ್ಮ ಬೀಡಿ ಕಾರ್ಡೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದಲ್ಲಿ ಮಗಳಿಗೆ ವರ್ಷಕ್ಕೆ 2,000, ಮಗನಿಗೆ 1,000. ಸಣ್ಣ ದುಡ್ಡೇ. ಆದರೂ ಜೂನಿನಲ್ಲಿ ಪಾಟಿಚೀಲ, ವಹಿಗಳ ಖರ್ಚು ಬಂದಾಗ ಅದರ ಬೆಲೆ ನಿಮಗೇ ಗೊತ್ತು. ಶಾಲೆಯ ಗುರುಗಳಿಗೆ ಹೇಳಿದರೆ ಆನ್‌ಲೈನ್ ಅರ್ಜಿ ತುಂಬಿಸಿಕೊಡುತ್ತಾರೆ.

ಹಾಸ್ಟೆಲ್ ಅಂದರೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆ ಹಾಸ್ಟೆಲಿನ ಅನ್ನ ಉಂಡೇ ಬೆಳೆದದ್ದು. ಅಥಣಿ ಶಿವಯೋಗಿಗಳ ನೆರಳಲ್ಲಿ ಬೆಳೆದ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಪ್ರಸಾದ ನಿಲಯ ತೆರೆದರು. ಅದೇ ಧಾರವಾಡದಲ್ಲಿ 1929ರಲ್ಲಿ ಡಾ. ಅಂಬೇಡ್ಕರರು ದಲಿತ ವಿದ್ಯಾರ್ಥಿಗಳಿಗಾಗಿ ವಸತಿ ನಿಲಯ ಮಾಡಿದರು. ಆದರೆ ಆ ಹುಡುಗರು ಎಲ್ಲಿದ್ದಾರೆ, ಯಾರ ಕೈಯಲ್ಲಿದ್ದಾರೆ ಎಂಬುದು ಊರಿಗೆಲ್ಲ ತಿಳಿದಿತ್ತು. ರಜೆಗೆ ಬುತ್ತಿ ಕಟ್ಟಿಸಿಕೊಳ್ಳಲು ಮನೆಗೆ ಬರುತ್ತಿದ್ದರು.

ಹಾಗಾಗಿ ನಾನು ಹೇಳುವ ಪರೀಕ್ಷೆ ಬಸ್ಸಿನದು. ಮಗು ಇರುವ ಕಡೆ ನೀವು ಯಾವ ಭಾನುವಾರ ಬೇಕಾದರೂ ಹೋಗಿ ನೋಡಿಬರುವಂತಿರಬೇಕು. ಕರ್ನಾಟಕದೊಳಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿನ ದುಡ್ಡೂ ಇಲ್ಲ, ಪುಣೆಗೆ ಆ ಸವಲತ್ತು ಇಲ್ಲ. ಮಗ ಐದನೇತ್ತೆಯಲ್ಲಿದ್ದಾಗ, ಆರನೇತ್ತೆಗೆ ಸೇರಲು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯಿಸಿ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಲಿ, ಆಮೇಲೆ ಸರ್ಕಾರಿ ಹಾಸ್ಟೆಲ್ ನೋಡೋಣ. ಒಂಬತ್ತನೇತ್ತೆಯ ಹುಡುಗಿಯ ಶಾಲೆ, ಭಾಷೆ ಎರಡನ್ನೂ ವರ್ಷದ ನಡುವೆ ಬದಲಿಸುವುದು ಒಳ್ಳೆಯದಲ್ಲ.

ಅವಳ ಮಾತು ನನ್ನನ್ನು ಚುಚ್ಚಿತು. ಹದಿನಾಲ್ಕು ವರ್ಷದ ಕೂಸು ತನ್ನನ್ನೇ ಭಾರ ಅಂದುಕೊಂಡಿದೆ. ಇವತ್ತು ರಾತ್ರಿ ಬೀಡಿಯ ಮೊರ ಬದಿಗಿಟ್ಟು ಅವಳ ಹತ್ತಿರ ಕೂಡಿರಿ. ಮನೆಯ ಲೆಕ್ಕ ಪೂರ್ತಿ ಹೇಳಿ, ಅರ್ಜಿ ಅವಳಿಂದಲೇ ಬರೆಸಿ. ಬೀಡಿ ಎಲೆ ಕತ್ತರಿಸಲು ಮಾತ್ರ ಅವಳನ್ನು ಕೂಡಿಸಬೇಡಿ. ತಂಬಾಕಿನ ಧೂಳು ನಿಮ್ಮ ಎದೆಗೆ ಏನು ಮಾಡಿದೆಯೋ ನಿಮಗೆ ಗೊತ್ತು.

(ನಡುವೆ ದಾನಿಗಳಿಗೊಂದು ಮಾತು. ಉಗಾರ, ರಾಯಬಾಗ, ಚಿಕ್ಕೋಡಿಯ ಕಡೆ ಆಗಸ್ಟ್ 15ಕ್ಕೆ ವಹಿ ಹಂಚಿ ಫೋಟೋ ತೆಗೆಸಿಕೊಳ್ಳುವವರಿಗೆ ಬರವಿಲ್ಲ. ಅದೇ ದುಡ್ಡಿನಲ್ಲಿ ಇಂಥ ಒಬ್ಬ ತಾಯಿಗೆ, ಅರ್ಜಿ ಮಂಜೂರಾಗುವ ತನಕದ ಆರು ತಿಂಗಳ ರೇಷನ್ ಕೊಡಿಸಿ, ಫೋಟೋ ಇಲ್ಲದೆ.)

ಆ ಸಂಸ್ಥೆಯವರು ಮತ್ತೆ ಬಂದರೆ ಮರ್ಯಾದೆಯಿಂದಲೇ ಮಾತಾಡಿ. ‘ನಿಮ್ಮ ನೋಂದಣಿ ಪತ್ರ ತೋರಿಸ್ರಿ, ಬೆಳಗಾವಿ ಮಕ್ಕಳ ಕಲ್ಯಾಣ ಸಮಿತಿಗೆ ಗೊತ್ತೈತೇನ್ರಿ?’ ಎಂದು ಕೇಳಿ. ಮಕ್ಕಳಿಗೆ ಆಶ್ರಯ ಕೊಡುವ ಸಂಸ್ಥೆ ನೋಂದಣಿ ಇಲ್ಲದೆ ನಡೆದರೆ ಅದು ಅಪರಾಧ. ಉತ್ತರ ತಡವರಿಸಿದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಮಕ್ಕಳ ಆಧಾರ್ ಕಾರ್ಡನ್ನು ಅವರ ಕೈಗೆ ಕೊಟ್ಟುಬಿಟ್ಟಿದ್ದರೆ ಮಾತ್ರ ಅವರು ಬರುವ ತನಕ ಕಾಯಬೇಡಿ, ನಾಳೆಯೇ ವಾಪಸ್ ಕೇಳಿ.