ಹವ್ಯಾಸದ ಜಾಗ ಖಾಲಿ ಬಿಟ್ಟ ಮಗಳಿಗೆ

ಚನ್ನಗಿರಿ, ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ ಎರಡು ಮಾತು ಇನ್ನೂ ತಲೆಯಲ್ಲೇ ಕೂತಿವೆ. ಹೊಸ ಕೆಲಸದ ಅರ್ಜಿ ತುಂಬುವಾಗ ‘ಹವ್ಯಾಸ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಹೊಳೆಯದೆ ಖಾಲಿ ಬಿಟ್ಟೆ ಎಂದೆ. ಆಮೇಲೆ, ನಿಮ್ಮ ಟೀಮಿಗೆ ಜಗಳೂರು ಕಡೆಯ ಹುಡುಗನೊಬ್ಬ ಸೇರಿದ್ದಾನೆ, ಅವನ ಇಂಗ್ಲಿಷನ್ನೂ ಊರಿನ ಹೆಸರನ್ನೂ ಹಿಡಿದು ಎಲ್ಲರೂ ನಗುತ್ತಾರೆ, ನಾನೂ ನಕ್ಕುಬಿಟ್ಟೆ ದೊಡ್ಡಪ್ಪ ಎಂದೆ. ಅದನ್ನು ಹೇಳುವಾಗ ನಿನ್ನ ದನಿ ಸಣ್ಣದಾಯಿತು. ನನಗೆ ತಕ್ಷಣ ಮಾತು ಹೊರಡಲಿಲ್ಲ. ಅದಕ್ಕೇ ಈ ಕಾಗದ.

ಆ ಜಾಗವನ್ನು ನಾನೂ ಖಾಲಿ ಬಿಟ್ಟವನೇ. ಮನೆಯಲ್ಲಿರುವ ಹಾರ್ಮೋನಿಯಂ ನಿನ್ನ ತಾತ ಹೊನ್ನಾಳಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಮೇಷ್ಟ್ರೊಬ್ಬರಿಂದ ಕೊಂಡದ್ದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಪ್ಪ ಅದನ್ನು ನುಡಿಸುತ್ತಿದ್ದರು, ನಾನು ಅದರ ತಿದಿ ಒತ್ತುತ್ತಿದ್ದೆ. ಬೆಂಗಳೂರಿಗೆ ಬಂದು ಕೊಬಾಲ್ ಬರೆಯಲು ಶುರುಮಾಡಿದ ಮೇಲೆ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. 1999ರಲ್ಲಿ ನಮಗೆ ರಾತ್ರಿ ಹಗಲೂ ಒಂದೇ ಕೆಲಸ, ಎರಡು ಅಂಕಿಯಲ್ಲಿದ್ದ ಇಸವಿಯನ್ನು ನಾಲ್ಕು ಅಂಕಿ ಮಾಡುವುದು. ಅದು ಮುಗಿದ ಮೇಲೆ ಒಂದು ದಿನ ಪೆಟ್ಟಿಗೆ ಎಳೆದು ತೆಗೆದೆ. ಲೆಕ್ಕ ಹಾಕಿದರೆ ಹನ್ನೊಂದು ವರ್ಷ ಮುಟ್ಟಿರಲಿಲ್ಲ. ತಿದಿಯ ಚರ್ಮವನ್ನು ಇಲಿ ಕಡಿದಿತ್ತು. ಮಧ್ಯ ಸಪ್ತಕದ ಗಾಂಧಾರ ಹೊರಡಲೇ ಇಲ್ಲ. ಆವತ್ತು ನಾನು ಅತ್ತದ್ದು ನಿನ್ನ ದೊಡ್ಡಮ್ಮನಿಗೆ ಮಾತ್ರ ಗೊತ್ತು.

ಆಮೇಲೆ ಅದನ್ನು ಬಿಚ್ಚಿ ಕೂತೆ. ರೀಡು ಅಂದರೆ ಹಿತ್ತಾಳೆಯ ಪುಟ್ಟ ನಾಲಿಗೆ. ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿ ತನ್ನಷ್ಟೇ ಅಗಲದ ಕಿಂಡಿಯಲ್ಲಿ ಅದುರುವಂತೆ ಕೂರಿಸಿರುತ್ತಾರೆ. ಆ ಸಂದಿನಲ್ಲಿ ಕೂದಲೆಳೆಯಷ್ಟು ಧೂಳು ಸಿಕ್ಕಿದರೂ ಸ್ವರ ಸತ್ತುಹೋಗುತ್ತದೆ. ಶ್ರುತಿ ಸರಿಮಾಡಬೇಕೆಂದರೆ ಸಣ್ಣ ಅರದಿಂದ ಕೆರೆಯಬೇಕು. ತುದಿಯಲ್ಲಿ ಕೆರೆದರೆ ನಾಲಿಗೆ ಹಗುರಾಗಿ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಸೊರಗಿ ಇಳಿಯುತ್ತದೆ. ಕೆರೆದ ಹಿತ್ತಾಳೆಯನ್ನು ಮತ್ತೆ ಅಂಟಿಸುವಂತಿಲ್ಲ. ನಮ್ಮ ಕೋಡಿನಲ್ಲಾದರೆ ನಿನ್ನೆಯ ಪ್ರತಿಗೆ ವಾಪಸು ಹೋಗಬಹುದು, ಇಲ್ಲಿ ಎರಡು ಸಲ ಕೆರೆದರೆ ಹತ್ತು ಸಲ ನುಡಿಸಿ ಕೇಳಬೇಕು. ಗಾಂಧಾರ ಹೊರಡಲು ನನಗೆ ಮೂರು ಭಾನುವಾರ ಹಿಡಿಯಿತು. ಆ ಮೂರು ಭಾನುವಾರ ಯಾರೂ ನನ್ನಿಂದ ಲೆಕ್ಕ ಕೇಳಲಿಲ್ಲ, ಯಾವ ಗಡುವೂ ಇರಲಿಲ್ಲ. ಅಂಥ ಸುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ ಪುಟ್ಟಿ.

ನಮ್ಮ ಕಸುಬಿನ ಹಿರಿಯರಲ್ಲಿ ಡೊನಾಲ್ಡ್ ಕ್ನೂತ್ ಎಂದರೆ ನನಗೆ ಗುರುಸ್ಥಾನ. ಮನೆಯಲ್ಲೇ ಪೈಪ್ ಆರ್ಗನ್ ಇಟ್ಟುಕೊಂಡು ನುಡಿಸುವವರು ಅವರು. 1968ರಿಂದ ಹೊರಬರುತ್ತಿರುವ ತಮ್ಮ ಮಹಾಗ್ರಂಥಕ್ಕೆ ಶಾಸ್ತ್ರ ಎಂದು ಹೆಸರಿಡದೆ ಪ್ರೋಗ್ರಾಮಿಂಗ್ ಕಲೆ ಎಂದೇ ಹೆಸರಿಟ್ಟರು. 1977ರಲ್ಲಿ ಹಾಡುಗಳ ಜಟಿಲತೆಯ ಮೇಲೆ ಒಂದು ಪ್ರಬಂಧ ಬರೆದರು. ನಗಿಸಲೆಂದೇ ಬರೆದದ್ದು, ಆದರೆ ಒಳಗಿನ ಲೆಕ್ಕ ಅಪ್ಪಟ. ಹಾಡಿಗೆ ಪಲ್ಲವಿ ಇದ್ದರೆ ನೆನಪಿಡುವ ಭಾರ ಎಷ್ಟೊಂದು ಇಳಿಯುತ್ತದೆ ಎಂದು ಅದರಲ್ಲಿ ತೋರಿಸಿದ್ದಾರೆ. ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸುರಗೊಂಡನಕೊಪ್ಪಕ್ಕೆ ಹೋಗಿದ್ದಾಗ ಅದೇ ನೆನಪಾಯಿತು. ಲಂಬಾಣಿ ಹೆಂಗಸರು ಗುಂಪು ಕಟ್ಟಿ ಹಾಡುತ್ತಿದ್ದರು. ಮುಂದಿನವರು ಹೊಸ ಸಾಲು ಹೇಳಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ನನಗೆ ಅವರ ಮಾತು ಬರುವುದಿಲ್ಲ. ಆದರೂ ಕಾಲು ಗಂಟೆಯಲ್ಲಿ ನಾನೂ ಸೊಲ್ಲು ಹೇಳುತ್ತಿದ್ದೆ.

ಈಗ ನಿನಗೊಂದು ಆಟ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ತುಂಬಲು ಒಂದೇ ದಾರಿ. ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಕೊನೆಯ ಅಕ್ಷರ ಲಘುವಾಗಿದ್ದರೆ ಹಿಂದೆ ಒಂದು ಮಾತ್ರೆ ಕಡಿಮೆಯ ದಾರಿಗಳು, ಗುರುವಾಗಿದ್ದರೆ ಎರಡು ಮಾತ್ರೆ ಕಡಿಮೆಯವು. ಎರಡನ್ನೂ ಕೂಡಿದರೆ ಮುಗಿಯಿತು. ನೀನು ಇಂಟರ್‌ವ್ಯೂಗೆಂದು ಉರುಹೊಡೆದ ಫಿಬೊನಾಚಿ ಸಂಖ್ಯೆಗಳೇ ಇವು. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೆ ಮುಂಚೆ, ಹನ್ನೆರಡನೆಯ ಶತಮಾನದಲ್ಲೇ ಹೇಮಚಂದ್ರ ಛಂದಸ್ಸಿನ ಲೆಕ್ಕಕ್ಕಾಗಿ ಇದನ್ನು ಬರೆದಿಟ್ಟಿದ್ದ. ಕ್ನೂತ್ ತಮ್ಮ ಮೊದಲ ಸಂಪುಟದಲ್ಲೇ ಅವನನ್ನು ನೆನೆದಿದ್ದಾರೆ. ಕನ್ನಡದ ಕಂದಪದ್ಯದಲ್ಲಿ ನಾಲ್ಕು ಮಾತ್ರೆಯ ಗಣ ಐದು ಬಗೆ ಎಂದು ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಯಾಕೆ ಐದೇ ಎಂದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಆ ಸಂಜೆ ಸಂತೋಷ ತಡೆಯಲಾರದೆ ಮನೆಯೊಳಗೇ ಓಡಾಡಿದ್ದೆ.

ನಮ್ಮ ಊರುಗಳಿಗೂ ಪ್ರಸ್ತಾರ ಹಾಕಿ ನೋಡಿದೆ. ಈ ಕಾಗದ ಟೈಪಿಸುತ್ತಿರುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಚನ್ನಗಿರಿಯ ‘ನ್ನ’ ಮೂಡಿಸಲು ನ, ನಡುವೆ ಎಫ್ ಕೀಲಿ, ಮತ್ತೆ ನ ಒತ್ತುತ್ತೇನೆ. ಆ ಎಫ್ ಒತ್ತಿದ್ದೇ ತಡ, ಹಿಂದಿದ್ದ ‘ಚ’ ಲಘು ಹೋಗಿ ಗುರುವಾಗುತ್ತದೆ. ಗುರು, ಲಘು, ಲಘು, ಲಘು, ಒಟ್ಟು ಐದು ಮಾತ್ರೆ. ಹೊನ್ನಾಳಿ ಗುರು, ಗುರು, ಲಘು. ಅದೂ ಐದೇ. ನ್ಯಾಮತಿ ಒಂದು ಗುರು, ಎರಡು ಲಘು, ನಾಲ್ಕಕ್ಕೇ ನಿಂತಿತು. ಜಗಳೂರು ಲಘು, ಲಘು, ಗುರು, ಲಘು. ಮತ್ತೆ ಐದು. ನೀವೆಲ್ಲ ಕೂತು ನಕ್ಕ ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡು. ಎರಡು ಸಣ್ಣ ಹೆಜ್ಜೆ, ಒಂದು ಉದ್ದನೆಯ ಹೆಜ್ಜೆ, ಆಮೇಲೆ ನಿಲುಗಡೆ.

ಆ ಹುಡುಗನ ವಿಷಯಕ್ಕೇ ಬಂದೆ. ಜಗಳೂರಿಗೆ ಹೊಂದಿಕೊಂಡಿರುವ ಹರಪನಹಳ್ಳಿಯಲ್ಲಿ 1913ರಲ್ಲಿ ಹಾಸ್ಯಲೇಖಕ ಬೀಚಿ ಹುಟ್ಟಿದರು. ಮೊದಲು ಅವರಿಗೆ ಕನ್ನಡ ಪುಸ್ತಕವೆಂದರೆ ತಾತ್ಸಾರ. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿದ ಮೇಲೆ ಮನಸ್ಸು ತಿರುಗಿತು. ಒಬ್ಬ ಸಂಗೀತಗಾರನ ಕಥೆ ಓದಿದ್ದರಿಂದ ಕನ್ನಡಕ್ಕೆ ಬೀಚಿಯವರ ತಿಮ್ಮ ಸಿಕ್ಕಿದ, ನೋಡು. ಇತ್ತ ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲೇ ಮಾತಾಡಿದರು. ಇಂಗ್ಲಿಷು ಬಾರದೆ ಅಲ್ಲ. ಮುಂದೆ ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರಲ್ಲಿ, ನಾವೂ ಹೊನ್ನಾಳಿಯವರೂ ಜಗಳೂರಿನವರೂ ಒಂದೇ ಜಿಲ್ಲೆಯವರಾದೆವು. ಪಟೇಲರ ಹಾಸ್ಯ ಕೇಳಿ ಎದುರು ಪಕ್ಷದವರೂ ನಗುತ್ತಿದ್ದರು. ನಗೆಯೆಂದರೆ ಅಂಥದ್ದಿರಬೇಕು ಎಂದು ನನಗೆ ಆಸೆ, ಯಾರನ್ನು ಕುರಿತು ಆಡಿದೆವೋ ಅವರೂ ನಮ್ಮ ಜೊತೆ ನಗುವಂಥದ್ದು. ನಿಮ್ಮ ಟೀಮಿನಲ್ಲಿ ಆ ಹುಡುಗ ನಕ್ಕನೇ? ನೀನು ಅದನ್ನು ಹೇಳಲಿಲ್ಲ.

ಕ್ನೂತ್ ಇನ್ನೊಂದು ಕೆಲಸ ಮಾಡುತ್ತಿದ್ದರು. ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿ ತೋರಿಸಿದವರಿಗೆ 2.56 ಡಾಲರಿನ ಚೆಕ್ ಬರೆದು ಕಳಿಸುತ್ತಿದ್ದರು. 256 ಸೆಂಟು, ಅಂದರೆ ಹದಿನಾರರ ಎಣಿಕೆಯಲ್ಲಿ ಒಂದು ಡಾಲರ್. ಪಡೆದವರಲ್ಲಿ ಬಹಳ ಜನ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ತಪ್ಪು ಸಿಕ್ಕಿದ ಜಾಗದಲ್ಲೂ ಅಷ್ಟು ಸಂತೋಷ ಹುಟ್ಟಿಸಬಹುದು ಎಂದು ನಾನು ಕಲಿತದ್ದು ಅವರಿಂದ. ನಾನು ಟೀಮ್ ಲೀಡ್ ಆಗಿದ್ದಾಗ ಹೊಸಬರ ತಪ್ಪನ್ನು ಎಲ್ಲರೆದುರು ಓದಿ ನಗಿಸಿದ್ದುಂಟು. ಒಬ್ಬ ಹುಡುಗ ಮರುವಾರವೇ ಕೆಲಸ ಬಿಟ್ಟು ಹೋದ. ಅವನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನಿನಗೆ ಅಂಥ ಮುಖವೊಂದು ಉಳಿಯದಿರಲಿ ಎಂದು ಇಷ್ಟು ಬರೆದೆ.

ಪುಸ್ತಕದ ಮಾತು ಒಂದಿಷ್ಟು. ಪಾರ್ಸೆಲ್ಲಿನಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಇಟ್ಟಿದ್ದೇನೆ. ಅವರೂ ಬಹಳ ಕಾಲ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದವರೇ. ಲಿಸ್ಬನ್ನಿನ ನದಿಯಿಂದ ಹೊರಟ ಕಥೆ ನಮ್ಮ ಹೊಳೆಗೆ ಬಂದು ಸೇರುತ್ತದೆ. ಅದರ ಕೊನೆಯ ಭಾಗವನ್ನು ನಾನು ಹೊನ್ನಾಳಿಯಲ್ಲಿ, ಹೊಳೆದಂಡೆಯಲ್ಲಿ ಕೂತು ಓದಿದೆ. ನೀರು ಕಾಣುವಲ್ಲಿ ಕೂತು ಓದುವ ಪುಸ್ತಕ ಅದು. ಕೀಲಿಮಣೆಯ ಕೆ.ಪಿ. ರಾವ್ ಅವರು ಬರೆದ ಕಾದಂಬರಿ ‘ವರ್ಣಕ’ವೂ ಜೊತೆಗಿದೆ. ಎರಡನ್ನೂ ಓದಲೇಬೇಕೆಂದಿಲ್ಲ, ಆದರೆ ಕಣ್ಣಿಗೆ ಬೀಳುವ ಕಡೆ ಇಡು.

ದೀಪಾವಳಿಗೆ ಬಂದಾಗ ತಾರ ಸಪ್ತಕದ ಎರಡು ರೀಡು ಕೆರೆಯುವುದಿದೆ. ನನಗೆ ಕಣ್ಣು ಮಂಜಾಗುತ್ತಿದೆ, ಕೈಯೂ ಸ್ವಲ್ಪ ನಡುಗುತ್ತದೆ. ಅರ ಹಿಡಿಯುವುದು ನಿನ್ನ ಕೆಲಸ, ಕೇಳಿ ಹೇಳುವುದು ನನ್ನದು.

ಅಲ್ಲಿಯವರೆಗೆ ಆಟ ಮುಂದುವರಿಸು. ಐದು ಮಾತ್ರೆಯ ಎಂಟು ಬಗೆಯಲ್ಲಿ ಮೂರು ಗುರುವಿನಲ್ಲಿ ಮುಗಿಯುತ್ತವೆ. ನಮ್ಮ ಕಡೆ ಊರಿನ ಹೆಸರು ಹಾಗೆ ಮುಗಿಯುವುದಿಲ್ಲ, ಅವನ್ನು ಬಿಡು. ಉಳಿದ ಐದರಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರು ಆದವು. ಲಘು, ಗುರು, ಲಘು, ಲಘುವಿಗೆ ಬಸಾಪುರ ಸಿಕ್ಕಿತು. ಐದಕ್ಕೆ ಐದೂ ಲಘು ಇರುವ ಊರೊಂದು ಜಗಳೂರಿನಾಚೆ, ಹರಪನಹಳ್ಳಿ ಕಡೆ ಇದೆ. ಹೆಸರು ನಾನು ಹೇಳುವುದಿಲ್ಲ. ಆ ಹುಡುಗನಿಗೆ ಗೊತ್ತಿರುತ್ತದೆ, ಅವನನ್ನು ಕೇಳು.

ನಿನ್ನ
ದೊಡ್ಡಪ್ಪ