ನೆಟ್ಟನೆಯ ನಿಲುವು ಮತ್ತು ಸನ್ನೆಯ ನಿಯಮ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ವಿದ್ಯಾರ್ಥಿಗಳಲ್ಲಿ ಕತ್ತುನೋವು, ಬೆನ್ನುನೋವುಗಳ ದೂರು ಹೆಚ್ಚುವುದನ್ನು ನಾವು ಕಾಣುತ್ತೇವೆ. ಓದಿನ ಹೊರೆಯೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಓದುವಾಗ ದೇಹವನ್ನು ಹೇಗೆ ಇರಿಸಿಕೊಂಡಿದ್ದೇವೆ ಎಂಬುದರ ಕಡೆಗೆ ಗಮನ ಕೊಡುವವರು ವಿರಳ. ‘ನೆಟ್ಟಗೆ ಕೂತುಕೋ’ ಎಂದು ಮನೆಯ ಹಿರಿಯರು ಹೇಳಿದರೆ ಅದು ಬರಿಯ ಶಿಸ್ತಿನ ಮಾತೆಂದು ತಳ್ಳಿಬಿಡುತ್ತೇವೆ. ಆದರೆ ಆ ಮಾತಿನ ಹಿಂದೆ ಭೌತಶಾಸ್ತ್ರದ ಸರಳ ನಿಯಮವೊಂದು ಅಡಗಿದೆ. ಅದನ್ನು ಇಲ್ಲಿ ಪರಿಶೀಲಿಸೋಣ.

ದಪ್ಪನಾದ ಪುಸ್ತಕವೊಂದನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ. ಅನಂತರ ಅದನ್ನೇ ತೋಳು ಚಾಚಿ ಮುಂದಕ್ಕೆ ಹಿಡಿಯಿರಿ. ಪುಸ್ತಕದ ತೂಕ ಎಳ್ಳಷ್ಟೂ ಹೆಚ್ಚಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿಯೇ ತೋಳು ಸೋಲತೊಡಗುತ್ತದೆ. ಹೆಚ್ಚಿರುವುದು ಭುಜದ ಕೀಲಿಗೂ ಪುಸ್ತಕಕ್ಕೂ ನಡುವಣ ದೂರ. ಬಲವನ್ನು ಈ ದೂರದಿಂದ ಗುಣಿಸಿದಾಗ ದೊರೆಯುವ ಗುಣಲಬ್ಧಕ್ಕೆ ಬಲದ ಭ್ರಾಮಕವೆಂದು ಹೆಸರು. ಸನ್ನೆಯು ಸಮತೋಲದಲ್ಲಿರಬೇಕಾದರೆ ಆನಿಕೆಯ ಎರಡು ಕಡೆಗಳ ಭ್ರಾಮಕಗಳೂ ಸಮವಾಗಿರಬೇಕು.

ನಮ್ಮ ತಲೆಯೂ ಇಂತಹ ಒಂದು ಸನ್ನೆಯೇ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಅದರ ಗುರುತ್ವಕೇಂದ್ರವು ಕತ್ತಿನ ಮೂಳೆಗಳಿಗಿಂತ ತುಸು ಮುಂದಿರುವುದರಿಂದ, ತಲೆ ಮುಂದಕ್ಕೆ ಬೀಳದಂತೆ ಕತ್ತಿನ ಹಿಂಬದಿಯ ಸ್ನಾಯುಗಳು ಎಳೆದು ಹಿಡಿದಿರುತ್ತವೆ. ಕುಳಿತಲ್ಲಿಯೇ ತೂಕಡಿಸುವವರ ತಲೆ ಮುಂದಕ್ಕೆ ವಾಲುವುದು ಈ ಸ್ನಾಯುಗಳು ಸಡಿಲವಾಗುವುದರಿಂದಲೇ. ಲೆಕ್ಕದ ಸೌಲಭ್ಯಕ್ಕಾಗಿ ಸ್ನಾಯುಗಳು ಆನಿಕೆಯಿಂದ 5 ಸೆಂಟಿಮೀಟರು ಹಿಂದೆಯೂ, ಗುರುತ್ವಕೇಂದ್ರವು 3 ಸೆಂಟಿಮೀಟರು ಮುಂದೆಯೂ ಇವೆಯೆಂದು ಇಟ್ಟುಕೊಳ್ಳೋಣ. ಆಗ ಸ್ನಾಯುಗಳು 3 ಕಿಲೋಗ್ರಾಂ ತೂಕದಷ್ಟು ಎಳೆದರೆ ಸಾಕು. ಪುಸ್ತಕದ ಮೇಲೆ ಬಾಗಿದಾಗ ಗುರುತ್ವಕೇಂದ್ರವು 12 ಸೆಂಟಿಮೀಟರು ಮುಂದೆ ಹೋಯಿತೆನ್ನೋಣ. ಈಗ ಬೇಕಾದ ಎಳೆತ 12 ಕಿಲೋಗ್ರಾಂ ತೂಕದಷ್ಟು! ತಲೆಯ ತೂಕ ಮೊದಲಿನಷ್ಟೇ ಇದ್ದರೂ ಸ್ನಾಯುಗಳ ದುಡಿಮೆ ನಾಲ್ಕು ಪಟ್ಟಾಯಿತು. ಹೀಗೆ ಬಿಡುವಿಲ್ಲದೆ ಬಿಗಿದುಕೊಂಡಿರುವ ಸ್ನಾಯುವಿನಲ್ಲಿ ರಕ್ತನಾಳಗಳು ಅದುಮಲ್ಪಟ್ಟು, ರಕ್ತದ ಹರಿವು ಕುಗ್ಗಿ, ಆಯಾಸವೂ ನೋವೂ ತಲೆದೋರುತ್ತವೆ.

ನೆಟ್ಟನೆಯ ನಿಲುವೆಂದರೆ ಕೋಲಿನಂತೆ ಸೆಟೆದು ನಿಲ್ಲುವುದೆಂದು ತಿಳಿಯಬಾರದು. ಕತ್ತಿನ 7, ಎದೆಯ ಭಾಗದ 12, ಸೊಂಟದ 5 ಕಶೇರುಗಳನ್ನೂ ಅವುಗಳ ಕೆಳಗೆ ಕೂಡಿಕೊಂಡ ಮೂಳೆಗಳನ್ನೂ ಒಳಗೊಂಡ ಬೆನ್ನೆಲುಬನ್ನು ಪಕ್ಕದಿಂದ ನೋಡಿದರೆ ಅದು ಬಾಗುಬಾಗಾಗಿಯೇ ಇದೆ. ಕತ್ತು ಮತ್ತು ಸೊಂಟಗಳಲ್ಲಿ ಒಳಬಾಗು, ಎದೆಯ ಹಿಂದೆ ಹೊರಬಾಗು. ಈ ಸಹಜವಾದ ಬಾಗುಗಳು ಉಳಿದಿರುವಾಗ, ಗೋಡೆಯ ನೇರವನ್ನು ನೋಡುವ ಗಾರೆಯವರ ಗುಂಡಿನ ದಾರವನ್ನು ಕಿವಿಯಿಂದ ಇಳಿಬಿಟ್ಟರೆ, ಅದು ಭುಜ ಹಾಗೂ ಸೊಂಟದ ಕೀಲುಗಳ ಬಳಿಯಲ್ಲಿ ಹಾದು ಹರಡಿಗೆ ತುಸು ಮುಂದೆ ನಿಲ್ಲುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತವರು ನಡೆಯುವ ರೀತಿ ಇದಕ್ಕೆ ಒಳ್ಳೆಯ ನಿದರ್ಶನ. ಇನ್ನೊಂದು ಲಾಭವೂ ಉಂಟು: ಕುಗ್ಗಿ ಕುಳಿತಾಗ ಎದೆಗೂಡಿಗೂ ವಪೆಗೂ ಚಲಿಸಲು ಎಡೆ ಸಾಲದು, ನೆಟ್ಟಗೆ ಕುಳಿತವನ ಉಸಿರಾಟ ಆಳವಾಗುತ್ತದೆ.

ಇಷ್ಟರಿಂದ ನಿಲುವೊಂದನ್ನು ತಿದ್ದಿಕೊಂಡರೆ ಬೆನ್ನುನೋವೆಲ್ಲ ಮಾಯವಾಗುವುದೆಂದು ಹೇಳಲಾಗದು. ಬೆನ್ನುನೋವಿಗೆ ಕಾರಣಗಳು ಹಲವು. ಅತ್ಯುತ್ತಮ ಭಂಗಿಯಾದರೂ ಗಂಟೆಗಟ್ಟಲೆ ಅಲುಗದೆ ಕುಳಿತರೆ ದಣಿವೇ ಫಲ. ಕಶೇರುಗಳ ನಡುವಣ ಮೆತ್ತನೆಯ ಬಿಲ್ಲೆಗಳಿಗೆ ವಯಸ್ಕರಲ್ಲಿ ನೇರವಾದ ರಕ್ತಪೂರೈಕೆ ಬಹುಮಟ್ಟಿಗೆ ಇಲ್ಲ. ಅಕ್ಕಪಕ್ಕದ ಮೂಳೆಗಳಿಂದ ಒಸರಿ ಬರುವ ಪೋಷಣೆಯೇ ಅವುಗಳಿಗೆ ಆಧಾರ. ಆದುದರಿಂದ ದೇಹಕ್ಕೆ ಚಲನೆ ಅಗತ್ಯ.

ಇನ್ನು ಮಾಡಬೇಕಾದುದೇನು? ತಲೆಯನ್ನು ಪುಸ್ತಕದ ಬಳಿಗೆ ಒಯ್ಯದೆ ಪುಸ್ತಕವನ್ನು ಕಣ್ಣಿನ ಬಳಿಗೆ ತರಬೇಕು. ಹಳೆಯ ಮನೆಗಳಲ್ಲಿದ್ದ ವ್ಯಾಸಪೀಠ ಈ ಕೆಲಸವನ್ನೇ ಮಾಡುತ್ತಿತ್ತು. ಮೊಬೈಲ್ ಫೋನನ್ನೂ ಮಡಿಲಲ್ಲಿಡದೆ ಮೇಲಕ್ಕೆತ್ತಿ ಹಿಡಿಯುವುದು ಲೇಸು. ನೆಲದ ಮೇಲೆ ಕೂರುವವರು ಮಡಿಸಿದ ಕಂಬಳಿಯ ಮೇಲೆ ಕುಳಿತರೆ ಸೊಂಟದ ಒಳಬಾಗು ಉಳಿಯಲು ಸಹಾಯವಾಗುತ್ತದೆ. ಕುರ್ಚಿಯಲ್ಲಿ ಕೂರುವವರ ಪಾದಗಳು ನೆಲವನ್ನು ಮುಟ್ಟಿರಲಿ, ಸೊಂಟಕ್ಕೆ ಒರಗು ಇರಲಿ. ಪುಸ್ತಕದ ಚೀಲವನ್ನು ಎರಡು ಹೆಗಲಿಗೂ ಏರಿಸಿ ಬೆನ್ನಿಗೆ ತಾಗಿರುವಂತೆ ಬಿಗಿದುಕೊಳ್ಳಿ. ಭಾರ ದೇಹಕ್ಕೆ ಹತ್ತಿರವಾದಷ್ಟೂ ಅದರ ಭ್ರಾಮಕ ಕಡಿಮೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆನ್ನು ಹೊಟ್ಟೆಗಳ ಸ್ನಾಯುಗಳಿಗೆ ದಿನವೂ ವ್ಯಾಯಾಮವಿರಲಿ. ನೋವು ವಾರಗಟ್ಟಲೆ ಉಳಿದರೆ, ಅಥವಾ ಕೈಕಾಲುಗಳಲ್ಲಿ ಜೋಮು, ಬಲಹೀನತೆ ಕಂಡರೆ, ವೈದ್ಯರನ್ನು ಕಾಣಲು ತಡಮಾಡಬಾರದು.

ಸನ್ನೆಯ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸುವವರು ಅನೇಕರು. ಅದನ್ನು ಓದುತ್ತಿರುವಾಗಲೇ ತಮ್ಮ ಕತ್ತಿಗೂ ಅನ್ವಯಿಸಿಕೊಂಡವರಿಗೆ ಆ ಪಾಠದ ಪೂರ್ಣ ಪ್ರಯೋಜನ ದೊರೆಯುತ್ತದೆ.