ಕಣಕಟ್ಟೆ ಸೀಮೆಯ ಭೂವಿವರಣೆ

ದೂರದೇಶಗಳ ಪರ್ವತಗಳನ್ನೂ ನದಿಗಳನ್ನೂ ನಕ್ಷೆಯಲ್ಲಿ ತೋರಿಸಬಲ್ಲ ಬಾಲಿಕೆಯು, ತನ್ನ ಊರಿನ ಕೆರೆಯ ಕೋಡಿಯ ನೀರು ಎಲ್ಲಿಗೆ ಹೋಗುವುದೆಂದು ಕೇಳಿದರೆ ಅನೇಕ ವೇಳೆ ಮೌನವಾಗುವಳು. ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಮಕ್ಕಳೊಡನೆ ಓದಿಕೊಳ್ಳಲೆಂದು ಈ ಪಾಠವನ್ನು ಬರೆದಿರುವೆವು.

ನೆಲವೂ ಮಳೆಯೂ. ಕಣಕಟ್ಟೆಯು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ. ಅರಸೀಕೆರೆ ಪಟ್ಟಣವು ಸಮುದ್ರಮಟ್ಟಕ್ಕೆ ಸುಮಾರು 800 ಮೀಟರು ಎತ್ತರದಲ್ಲಿರುವುದು. ನೈಋತ್ಯದ ಮಳೆಗಾಳಿಯು ಪಶ್ಚಿಮಘಟ್ಟಗಳನ್ನು ಏರುವಾಗಲೇ ತನ್ನ ನೀರಿನ ಬಹುಭಾಗವನ್ನು ಸುರಿದುಬಿಡುವುದು. ಆ ಕಾರಣ ಸಕಲೇಶಪುರವು ಮಲೆನಾಡಾಗಿಯೂ, ಬೇಲೂರು ಅರೆಮಲೆನಾಡಾಗಿಯೂ, ನಮ್ಮ ಸೀಮೆಯು ಬಯಲಾಗಿಯೂ ಇರುವುವು. ಒಂದೇ ಜಿಲ್ಲೆಯಲ್ಲಿ ಅತ್ತ ಕಾಫಿ, ಏಲಕ್ಕಿ. ಇತ್ತ ರಾಗಿ, ತೆಂಗು. ಕಲ್ಲಿನಲ್ಲಿಯೂ ಭೇದವುಂಟು: ಈ ಪ್ರಾಂತದ ಮೃದುವಾದ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಗ್ಗಿದುದರಿಂದಲೇ ಬೇಲೂರು, ಹಳೇಬೀಡುಗಳ ಸೂಕ್ಷ್ಮವಾದ ಕೆತ್ತನೆಯು ಸಾಧ್ಯವಾಯಿತು.

ನೀರಿನ ದಾರಿ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತವನ್ನು ನೋಡಿರಿ. ಅದರ ಮುಳ್ಳಯ್ಯನಗಿರಿ ಶಿಖರವು ಸುಮಾರು 1,930 ಮೀಟರು ಎತ್ತರವಾಗಿದೆ. ಈ ಪರ್ವತದಲ್ಲಿ ಹುಟ್ಟುವ ಯಗಚಿಯು ಬೇಲೂರಿನ ಮೇಲೆ ಹರಿದು ಹೇಮಾವತಿಯನ್ನೂ, ಹೇಮಾವತಿಯು ಕಾವೇರಿಯನ್ನೂ ಕೂಡುವುವು. ಅದೇ ಪರ್ವತದ ವೇದಾ, ಆವತಿ ಎಂಬ ಹೊಳೆಗಳು ಪೂರ್ವಕ್ಕಿಳಿದು ವೇದಾವತಿಯೆನಿಸಿ, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುವುವು. ಅರಸೀಕೆರೆ ತಾಲ್ಲೂಕಿನ ಉತ್ತರಭಾಗದ ಹಳ್ಳಗಳು ವೇದಾವತಿಯ ಕಡೆಗಾದರೆ, ಜಿಲ್ಲೆಯ ಹೆಚ್ಚಿನ ಭಾಗದ ನೀರು ಕಾವೇರಿಯ ಪಾಲು. ಎರಡಕ್ಕೂ ಕೊನೆಗೆ ಬಂಗಾಳ ಕೊಲ್ಲಿಯೇ ಗತಿ. ನಡುವೆ ಮಾತ್ರ ನೂರಾರು ಮೈಲಿಗಳ ಅಂತರ. ಎರಡು ಹೊಳೆಗಳ ನೀರನ್ನು ಹೀಗೆ ಬೇರ್ಪಡಿಸುವ ಏರುನೆಲಕ್ಕೆ ಜಲವಿಭಾಜಕವೆಂದು ಹೆಸರು. ಅದು ಮಹಾಪರ್ವತವಾಗಬೇಕಿಲ್ಲ, ಹೊಲದ ನಡುವಣ ಒಂದು ದಿಬ್ಬವೂ ಸಾಕು.

ಕೆರೆಗಳು. ಜೀವನದಿಯಿಲ್ಲದ ಸೀಮೆಯಲ್ಲಿ ಹಿರಿಯರು ಇಳಿಜಾರನ್ನರಿತು ಏರಿಗಳನ್ನು ಕಟ್ಟಿದರು. ಮೇಲಣ ಕೆರೆಯ ಕೋಡಿಯೇ ಕೆಳಗಣ ಕೆರೆಗೆ ಆಧಾರ. ಕೆರೆ, ಕಟ್ಟೆಗಳೆಂದು ಕೊನೆಗೊಳ್ಳುವ ಊರ ಹೆಸರುಗಳೇ ಇದಕ್ಕೆ ಸಾಕ್ಷಿ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದ ಮೇಲೆ ಪುನಃ ಕೋಡಿಬಿದ್ದುದು 2022ರಲ್ಲಿ, ಎಂದರೆ 89 ವರ್ಷಗಳ ತರುವಾಯ! ಈ ಸೀಮೆಯ ಮಳೆಯನ್ನು ಎಷ್ಟು ಮಾತ್ರ ನಂಬಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಈಗ ಮನುಷ್ಯನು ಜಲವಿಭಾಜಕವನ್ನೇ ದಾಟಿಸಲು ಹೊರಟಿರುವನು. ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆಯ ನೀರನ್ನು ಸಕಲೇಶಪುರದ ಸೀಮೆಯಲ್ಲಿ ಯಂತ್ರಗಳಿಂದ ಮೇಲೆತ್ತಿ ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಆದರೂ ಹೂಳು ತುಂಬಿದ ಕೆರೆಯಲ್ಲಿ, ಎಲ್ಲಿಂದ ತಂದ ನೀರಾದರೂ ನಿಲ್ಲಲಾರದು.

ಅಭ್ಯಾಸ. ಮಳೆ ಬಂದ ಮರುದಿನ ಮಕ್ಕಳನ್ನು ಕೆರೆಯ ಏರಿಯ ಮೇಲೆ ಕರೆದೊಯ್ಯಿರಿ. ನೀರು ಯಾವ ದಿಕ್ಕಿನಿಂದ ಬಂದಿತು, ಕೋಡಿಯು ಯಾವ ದಿಕ್ಕಿಗಿದೆ, ಅದರ ಕೆಳಗೆ ಯಾವ ಊರಿನ ಕೆರೆಯಿದೆ ಎಂದು ಅವರಿಂದಲೇ ಹೇಳಿಸಿ, ಒಂದು ನಕ್ಷೆಯನ್ನು ಬರೆಯಿಸಿರಿ. ನಮ್ಮ ಕೆರೆಯ ಕಾಲುವೆಯನ್ನು ಮುಚ್ಚಿದರೆ ಬಾಯಾರುವವರು ಯಾರೆಂಬುದು ಆ ನಕ್ಷೆಯಲ್ಲಿ ತಾನಾಗಿಯೇ ಕಾಣುವುದು.